ಬೆಕ್ಕಿನ ಕಿವಿ ಬಂಡೆಯ ಸಾವು

ಮಾವ ಕುಡಿದು ಮಲಗಿದ್ದಾನೆ ಎಂದೇ ಚಿಯಾ ಮೊದಲು ತಿಳಿದದ್ದು.

ಮಂಜು ಇನ್ನೂ ಕರಗಿರಲಿಲ್ಲ. ಬೆನ್ನ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಅವಳು ಮೇಲಿನ ಹೊಲಕ್ಕೆ ಏರುತ್ತಿದ್ದಳು. ಹೆಸರಿಗೆ ಹೊಲ, ಕಣ್ಣಿಗೆ ಬರೀ ಬಂಡೆ. ಬಂಡೆಯ ತುಂಬ ಗುಂಡಿಗಳು. ಗುಂಡಿಗಳಿಗೆ ಕಣಿವೆಯಿಂದ ಹೊತ್ತು ತಂದು ಸುರಿದ ಮಣ್ಣು. ಆ ಮಣ್ಣಿನಲ್ಲಿ ಮೆಕ್ಕೆಜೋಳ. ಸೂಂಗ್ ಮನೆತನದವರು ಮೂರು ತಲೆಮಾರಿನಿಂದ ಉಂಡದ್ದು ಹೀಗೆಯೇ. ಮಳೆಗಾಲ ಒಂದಿಷ್ಟು ಮಣ್ಣನ್ನು ತೊಳೆದೊಯ್ಯುತ್ತದೆ, ಬಿತ್ತನೆಗೆ ಮುಂಚೆ ಮನೆಮಂದಿ ಅದನ್ನು ಮತ್ತೆ ಹೊತ್ತು ತರುತ್ತಾರೆ.

ದಾರಿ ತಿರುಗುವ ಕಡೆ ಬೆಕ್ಕಿನ ಕಿವಿ ಬಂಡೆಗಳು ನಿಂತಿದ್ದವು. ಮಳೆ ಕೊರೆದು ಕೊರೆದು ಕಿವಿಯ ಹಾಗೆ ನಿಮಿರಿಸಿದ ಕಲ್ಲುಗಳು. ಅಂಚು ಸೋಕಿದರೆ ರಕ್ತ. ಆಡು ಕೂಡ ಅಲ್ಲಿ ಯೋಚಿಸಿ ಕಾಲಿಡುತ್ತಿತ್ತು. ಅವುಗಳ ನಡುವೆ ಮುದುಕ ಲೆಂಗ್ ಅಂಗಾತ ಬಿದ್ದಿದ್ದ. ಕಣ್ಣು ಅರ್ಧ ತೆರೆದಿತ್ತು. ಅಂಗೈಗಳು ಆಕಾಶ ನೋಡುತ್ತಿದ್ದವು, ತೊಳೆದಿಟ್ಟಷ್ಟು ಚೊಕ್ಕಟವಾಗಿ. ತಲೆಯ ಹಿಂದೆ, ಕಲ್ಲಿನ ಮೇಲೆ, ಒಣಗಿದ ರಕ್ತ.

ಹಿಂದಿನ ಸಂಜೆ ಹೊಲಕ್ಕೆ ಹೋದವನು ಮನೆಗೆ ಬಂದಿರಲಿಲ್ಲ. ತಮ್ಮನ ಮನೆಯಲ್ಲಿ ಸಾರಾಯಿ ಕುಡಿದು ಅಲ್ಲೇ ಉಳಿದಿರಬೇಕು ಎಂದು ಚಿಯಾ ಬಾಗಿಲು ಹಾಕಿಕೊಂಡಿದ್ದಳು. ಈಗ ಅವಳು ಕಿರುಚಿಕೊಂಡಳು. ಬುಟ್ಟಿ ಜಾರಿತು, ಮಣ್ಣು ಚೆಲ್ಲಿತು.

ಮೊದಲು ಓಡಿ ಬಂದವನು ಮಾವನ ತಮ್ಮ ಪಾವೊ. ಅವನ ಹೊಲ ಪಕ್ಕದ್ದೇ. ಅಣ್ಣನ ಮುಖಕ್ಕೆ ತನ್ನ ತಲೆವಸ್ತ್ರ ಬಿಚ್ಚಿ ಹೊದಿಸಿದ, ಚಿಯಾಳ ಭುಜ ಹಿಡಿದು ಕೂರಿಸಿದ. ಕಾಲು ಜಾರಿದೆ ಕಣಮ್ಮ, ನೋಡಬೇಡ ಎಂದ.

ಮೂರನೆಯ ದಿನ ಹೆಣ ಮಣ್ಣಾಯಿತು. ಊರು ಮಾತಾಡತೊಡಗಿದ್ದು ಆಮೇಲೆ. ಅರವತ್ತು ವರ್ಷ ಅದೇ ಬಂಡೆಗಳ ಮೇಲೆ, ಕುಡಿದಾಗಲೂ, ಕತ್ತಲಲ್ಲೂ ನಡೆದ ಕಾಲು ಜಾರುವುದೆಂದರೇನು? ಜಾರಲಿಲ್ಲ, ಏನೋ ಎಳೆಯಿತು. ಎರಡು ವರ್ಷದ ಹಿಂದೆ ಮಗ, ಚಿಯಾಳ ಗಂಡ, ಜ್ವರ ಬಂದು ಸತ್ತ, ಈಗ ಅಪ್ಪ. ಇಬ್ಬರೂ ಯಾರ ಕೈಯ ಅನ್ನ ಉಂಡವರು? ಚಿಯಾಳ ಕೈಯದು. ನೆರೆಯ ಚುಂಗ್‌ನ ಹಂದಿ ಸತ್ತದ್ದು ಯಾವಾಗ? ಚಿಯಾ ಅವನ ಬೇಲಿ ದಾಟಿದ ವಾರ. ಊರ ಬಾಯಿಗೆ ಬೀಗ ಹಾಕಿದವರು ಯಾರಿದ್ದಾರೆ? ಚುಂಗ್‌ನ ಬಾಯಿಯಂತೂ ಮೆಣಸಿನಕಾಯಿ. ಅವಳ ಮೈಯಲ್ಲಿ ಮನುಷ್ಯರನ್ನು ತಿನ್ನುವ ದೆವ್ವ ಇದೆ ಎಂದು ಅವನೇ ಮೊದಲು ಗಟ್ಟಿಯಾಗಿ ಅಂದುಬಿಟ್ಟ.

ಆ ಮಾತು ಒಮ್ಮೆ ಹೊರಬಿದ್ದರೆ ಹೆಂಗಸು ಬದುಕಿದ್ದೂ ಸತ್ತಂತೆ. ನೀರಿನ ತೊಟ್ಟಿಗೆ ಚಿಯಾ ಹೋದರೆ ಉಳಿದವರು ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ನಡೆಯುತ್ತಿದ್ದರು. ಅವಳು ಮುಟ್ಟಿದ ಬಿದಿರಿನ ಸೌಟನ್ನು ಪಾವೊನ ಹೆಂಡತಿ ಲೀ, ಅವಳ ಕಣ್ಣೆದುರೇ, ಬೂದಿ ಹಾಕಿ ಮೂರು ಸಲ ಉಜ್ಜಿದಳು. ಚಿಯಾಳ ಮಗಳು ಮಾಯಿಗೆ ಐದು ವರ್ಷ. ಅವಳು ಆಡಲು ಹೋದ ಅಂಗಳಗಳೆಲ್ಲ ಖಾಲಿಯಾಗುತ್ತಿದ್ದವು. ಯಾರೂ ನನ್ನ ಕೈ ಹಿಡಿಯೋದಿಲ್ಲ ಯಾಕವ್ವ ಎಂದು ಮಗು ಕೇಳಿದಾಗ ಚಿಯಾ ಒಲೆಯ ಕಡೆ ತಿರುಗಿ ಕೂತಳು.

ಪಾವೊ ಒಬ್ಬನೇ ಮನೆಗೆ ಬರುತ್ತಿದ್ದವನು. ಹತ್ತನೆಯ ದಿನ ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಇಳಿಸಿ, ಮೆಲ್ಲಗೆ ಹೇಳಿದ:

"ಹದಿಮೂರನೇ ದಿನ ಸತ್ತೋರ ಆತ್ಮ ಕರೆಯೋ ಶಾಸ್ತ್ರ ಮುಗೀತಿದ್ದ ಹಾಗೇ ಹಿರೀಕರು ಸೇರ್ತಾರಮ್ಮ. ನಿನ್ನ ಊರುಬಿಡಿಸೋದು ಅಂತ ಆಗ್ಹೋಗಿದೆ. ಅದಕ್ಕೂ ಮೊದ್ಲೇ ನೀನೇ ತೌರಿಗೆ ಹೋಗ್ಬಿಡು. ಜೀವ ಉಳಿದ್ರೆ ಸಾಕು."

"ಮಾಯಿ?"

"ಅವಳು ಸೂಂಗ್ ಮನೆತನದ ಕೂಸು. ನಮ್ಮ ಹತ್ರ ಇರ್ತಾಳೆ. ಹೊಲಾನೂ ನಾನು ನೋಡ್ಕೋತೀನಿ, ಚಿಂತೆ ಬೇಡ."

ಊರು ಬಿಡುವುದು ಒಂದು, ಮಗಳನ್ನು ಬಿಡುವುದು ಇನ್ನೊಂದು. ದೆವ್ವ ಹಿಡಿದವಳೆಂದು ಊರುಬಿಟ್ಟ ಹೆಂಗಸಿಗೆ ಮಗುವಿನ ಮುಖ ಮತ್ತೆ ಕಾಣುವ ಹಕ್ಕಿಲ್ಲ. ಆ ಹಗಲು ಚಿಯಾ ಏನು ಉಂಡಳೋ ಅವಳಿಗೇ ಗೊತ್ತಿಲ್ಲ. ಮರುದಿನ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು, ಸೌದೆಗೆಂದು ಹೇಳಿ, ಮೂರು ಗಂಟೆಯ ದಾರಿ ನಡೆದು ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಕೂತಳು.

ಹದಿಮೂರನೆಯ ದಿನ ಬೆಳಗ್ಗೆ ಊರಿಗೆ ಬಂದವನು ಜಾಂಗ್ ಸೋ. ಕುಳ್ಳ, ದಪ್ಪ ಹೊಟ್ಟೆ, ಏರುವಾಗ ಬುಸುಬುಸು ಉಸಿರು. ಬೂಟುಗಳ ಲಾಡಿ ಗಂಟು ಹಾಕಿ ಕೊರಳಿಗೆ ತೂಗುಹಾಕಿಕೊಂಡಿದ್ದ, ಕಾಲು ಬರಿಗಾಲು. ಪೊಲೀಸಿನವನು ಹೀಗೂ ಇರುತ್ತಾನೆಯೇ ಎಂದು ಚಿಯಾಳ ಧೈರ್ಯ ಇನ್ನಷ್ಟು ಕುಸಿಯಿತು. ಅವನು ಪಕ್ಕದ ಕಣಿವೆಯವನು, ಅವರಪ್ಪನೂ ಗುಂಡಿಗೆ ಮಣ್ಣು ಹೊತ್ತವನು. ಬೂಟು ಹಾಕಿದರೆ ಕಲ್ಲು ಮಾತಾಡೋದಿಲ್ಲ ಎಂದ. ಜೇಬಿನಿಂದ ಹುರಿದ ಕಾಳು ತೆಗೆದು ಮಾಯಿಯ ಅಂಗೈಗೆ ಸುರಿದ. ಹತ್ತು ದಿನದಲ್ಲಿ ಅವಳ ಕೈ ಮುಟ್ಟಿದ ಹೊರಗಿನ ಮೊದಲ ಮನುಷ್ಯ.

ಬೆಕ್ಕಿನ ಕಿವಿ ಬಂಡೆಗಳ ಹತ್ತಿರ ನಿಂತು ಅವನು ಕೇಳತೊಡಗಿದ. ಹೆಣ ಯಾವ ಕಡೆ ತಲೆ ಮಾಡಿತ್ತು? ಕಾಲು ಎಲ್ಲಿ? ಅಂಗೈ ಹೇಗಿತ್ತು?

"ಮೇಲ್ಮುಖವಾಗಿತ್ತು, ಅಣ್ಣ."

"ಗೀರಿತ್ತಾ?"

ಚಿಯಾ ಕಣ್ಣು ಮುಚ್ಚಿ ನೆನೆದಳು. "ಇರ್ಲಿಲ್ಲ."

"ಮೈ ಮೇಲಿದ್ದ ಅಂಗಿ?"

ಹೆಣಕ್ಕೆ ಹೊಸ ನಾರುಬಟ್ಟೆ ಉಡಿಸಿ ಕಳಿಸಿದ್ದರು. ಹಳೆಯ ಅಂಗಿ ಮನೆಯಲ್ಲೇ ಇತ್ತು. ಚಿಯಾ ತಂದುಕೊಟ್ಟಳು. ಜಾಂಗ್ ಸೋ ಅದನ್ನು ಬೆಳಕಿಗೆ ಹಿಡಿದು, ಬೆನ್ನು, ತೋಳು, ಮೊಣಕೈ ಎಲ್ಲ ಬೆರಳಿನಿಂದ ತಡವಿದ. ಎಲ್ಲೂ ಒಂದು ಹರುಕು ಇರಲಿಲ್ಲ. ಆಮೇಲೆ ಬಂಡೆಯ ಅಂಚಿನ ಮೇಲೆ ಹಾಸಿ ಮೆಲ್ಲಗೆ ಎಳೆದ. ಪರ್ರೆಂದು ಹರಿಯಿತು. ಮಾವನ ಮೈಯೇ ಹರಿದಂತೆ ಚಿಯಾ ಬೆಚ್ಚಿದಳು.

"ನಾನು ಎಳೆದಿದ್ದು ಇಷ್ಟೇ ಇಷ್ಟು," ಎಂದ ಅವನು. "ಬಿದ್ದಿದ್ರೆ? ಬೀಳೋ ಮನುಷ್ಯ ಕೈ ಊರದೆ ಬೀಳ್ತಾನಾ? ಅಂಗೈ ಸಿಗಿದು ಹೋಗ್ಬೇಕಿತ್ತು. ನಿಮ್ಮ ಮಾವ ಇಲ್ಲಿ ಬಿದ್ದಿಲ್ಲಮ್ಮ. ಇಲ್ಲಿಗೆ ತಂದು ಮಲಗಿಸಿದಾರೆ."

ಚಿಯಾ ಒಂದು ಹೆಜ್ಜೆ ಹಿಂದೆ ಸರಿದಳು. ಇಷ್ಟು ದಿನ ಮೈಯಲ್ಲಿ ದೆವ್ವ ಇದೆ ಎಂದಿದ್ದರು. ಇನ್ನು ಕೊಲೆಗಾರ್ತಿ ಎನ್ನುತ್ತಾರೆ. ಆ ಸಂಜೆ ಅವಳು ಎಲ್ಲಿದ್ದಳು ಎನ್ನಲು ಐದು ವರ್ಷದ ಮಗುವಲ್ಲದೆ ಸಾಕ್ಷಿ ಯಾರು? ತಾನೇ ನಡೆದು ಹೋಗಿ ತನ್ನ ಕೊರಳಿಗೆ ಹಗ್ಗ ತಂದುಕೊಂಡೆನಲ್ಲ ಎಂದು ಅವಳಿಗೆ ಅಳು ಒತ್ತಿ ಬಂತು.

ಜಾಂಗ್ ಸೋ ಮೊದಲು ವಿಚಾರಿಸಿದ್ದು ಚುಂಗ್‌ನನ್ನು. ಹೊಸ ವರ್ಷದ ಹೊತ್ತಿಗೆ, ಎರಡು ಹೊಲಗಳ ನಡುವಿನ ಬಂಡೆಯಲ್ಲಿ ಮಳೆನೀರು ನಿಲ್ಲುವ ಬೋಗುಣಿಯೊಂದರ ಸಲುವಾಗಿ, ಚುಂಗ್‌ಗೂ ಲೆಂಗ್‌ಗೂ ಜಗಳವಾಗಿದ್ದು ಊರಿಗೆಲ್ಲ ಗೊತ್ತಿತ್ತು.

"ತಲೆ ಒಡೀತೀನಿ ಅಂದಿದ್ದೆಯಂತೆ?"

"ಅಂದಿದ್ದೆ. ನನ್ನ ಕುದುರೆಗೂ ದಿನಾ ಅಂತೀನಿ. ಬೇಕಾದ್ರೆ ಅದನ್ನೇ ಕೇಳಿ, ಇನ್ನೂ ಬದುಕಿದೆ."

"ಹೆಣ ತೊಳೆದೋರು ಯಾರು?"

ಚುಂಗ್‌ನ ಮುಖ ಸಪ್ಪಗಾಯಿತು. ತಾನೇ ತೊಳೆದದ್ದು ಎಂದ. ತಮ್ಮ ಪಾವೊ ತೊಳೆಯಬೇಕಿತ್ತು, ಆದರೆ ಅವನ ಕೈ ನಡುಗುತ್ತಿತ್ತು.

"ಗಾಯ ಹೇಗಿತ್ತು?"

"ಹಿಂದಲೆ ತಗ್ಗಾಗಿತ್ತು ಸಾಹೇಬ್ರೆ. ಪಾತ್ರೆ ನೆಲಕ್ಕೆ ಬಿದ್ರೆ ತಗ್ಗಾಗುತ್ತಲ್ಲ, ಹಾಗೆ."

"ಕೊಯ್ದಿತ್ತಾ? ಸೀಳಿತ್ತಾ?"

"ಇಲ್ಲ. ಚರ್ಮ ಒಂಚೂರು ಒಡೆದಿತ್ತು, ಅಷ್ಟೇ—" ಎನ್ನುತ್ತ ಚುಂಗ್ ಅರ್ಧಕ್ಕೇ ನಿಂತ. ಹುಟ್ಟಿದಾಗಿನಿಂದ ಆ ಕಲ್ಲುಗಳ ಮೇಲೆ ಬಿದ್ದು ಎದ್ದವನು ಅವನು. ಮಾತು ತನ್ನ ಬಾಯಿಂದ ಬಂದ ಮೇಲೆ ಅದರ ಅರ್ಥ ಅವನಿಗೆ ಹೊಳೆಯಿತು. ಚಿಯಾಳ ಕಡೆ ನೋಡಿದ, ಮತ್ತೆ ಬೇರೆ ಕಡೆ ನೋಡಿದ.

ಜಾಂಗ್ ಸೋ ಹೊಲಕ್ಕಿಳಿದ. ಅಲ್ಲಿ ಹದಿಮೂರು ದಿನದಿಂದ ಯಾರೂ ಕಾಲಿಟ್ಟಿರಲಿಲ್ಲ. ಸಾವಿನ ಮನೆಯವರು ಶಾಸ್ತ್ರ ಮುಗಿಯುವವರೆಗೆ ಬಿತ್ತುವಂತಿಲ್ಲ, ಊರವರಿಗೆ ಜೀವದ ಆಸೆ. ನೂರಾರು ಗುಂಡಿಗಳು, ಒಂದೊಂದರಲ್ಲೂ ನಲವತ್ತು ವರ್ಷ ಲೆಂಗ್ ಬೆನ್ನ ಮೇಲೆ ಹೊತ್ತು ತಂದ ಕರಿಮಣ್ಣು. ಪೊಲೀಸಿನವನು ಒಂದೊಂದು ಗುಂಡಿಯ ಅಂಚಿಗೂ ಅಂಗಾಲು ಒತ್ತಿ, ತುಟಿ ಕಚ್ಚಿ, ಮುಂದಿನದಕ್ಕೆ ಹೋಗುತ್ತಿದ್ದ. ಅವನ ಕಾಲಿನಿಂದ ರಕ್ತ ಜಿನುಗುತ್ತಿತ್ತು. ಚಿಯಾ ಹಿಂದೆ ಹಿಂದೆ ನಡೆದಳು. ಸೂರ್ಯ ಏರುತ್ತಿದ್ದ, ಹಿರಿಯರು ಸೇರಲು ಹೆಚ್ಚು ಹೊತ್ತಿರಲಿಲ್ಲ.

ಪಾವೊನ ಹೊಲದ ಗಡಿಗೆ ಅಂಟಿಕೊಂಡ ಕೊನೆಯ ಗುಂಡಿಯ ಅಂಚಿಗೆ ಕಾಲಿಟ್ಟವನು ಕಾಲು ತೆಗೆಯಲಿಲ್ಲ.

"ಬಾಮ್ಮ. ಇಲ್ಲಿ ಕೈ ಇಡು."

ಚಿಯಾ ಮುಟ್ಟಿದಳು. ಮೇಲಿನ ಅಂಚು ಗರಗಸ. ಅದರ ಕೆಳಗೆ, ಮಣ್ಣಿನ ಮಟ್ಟದವರೆಗೆ, ಒಂದು ಗೇಣಗಲದ ಪಟ್ಟಿ ಬಿಳಿಚಿಕೊಂಡು ಸುತ್ತಲೂ ಹರಿದಿತ್ತು. ಅಲ್ಲಿ ಕಲ್ಲು ನುಣ್ಣಗಿತ್ತು, ಪಾಚಿಯ ಒಂದು ಚುಕ್ಕೆಯೂ ಇರಲಿಲ್ಲ. ಮಣ್ಣಿನ ನಡುವೆ ಎರಡು ಬೆರಳೆತ್ತರದ ಮೂರು ಮೆಕ್ಕೆಜೋಳದ ಮೊಳಕೆಗಳು ನಿಂತಿದ್ದವು.

"ಯಾರು ಬಿತ್ತಿದ್ದು?"

"ಯಾರೂ ಇಲ್ಲ," ಎಂದಳು ಚಿಯಾ. "ನಮ್ಮನೇಲಿ ಮೊದಲ ಬೀಜ ಮಾವಾನೇ ಹಾಕ್ಬೇಕು. ಈ ವರ್ಷ ಇನ್ನೂ ಹಾಕಿರ್ಲಿಲ್ಲ."

ಅವನು ಬಗ್ಗಿ ಒಂದು ಮೊಳಕೆಯನ್ನು ಬೇರುಸಹಿತ ಕಿತ್ತು, ಮುಷ್ಟಿಯಲ್ಲಿ ಮುಚ್ಚಿ, ಜೇಬಿಗಿಟ್ಟುಕೊಂಡ.

ಪಾವೊನ ಅಂಗಳದಲ್ಲಿ ಶಾಸ್ತ್ರಕ್ಕೆ ಅಡಿಗೆಯಾಗುತ್ತಿತ್ತು. ಅಣ್ಣನಿಗೆ ಗಂಡುಮಕ್ಕಳು ಉಳಿದಿರಲಿಲ್ಲವಾದ್ದರಿಂದ ಆತ್ಮ ಕರೆಯುವವನು ಅವನೇ. ಪೊಲೀಸಿನವನಿಗೆ ಮರ್ಯಾದೆಯಿಂದ ಸ್ಟೂಲು ಕೊಟ್ಟು, ಸಾರಾಯಿ ಬಗ್ಗಿಸಿದ. ಜಾಂಗ್ ಸೋ ಚಪ್ಪರಿಸಿ ಹೊಗಳಿದ. ನೇರಳೆ ಮೆಕ್ಕೆಜೋಳದ್ದಲ್ಲವೇ? ಇಂಥದ್ದು ಬೇರೆ ಮನೆಯಲ್ಲಿ ಸಿಗುವುದಿಲ್ಲವಂತಲ್ಲ? ಪಾವೊನ ಮುಖ ಅರಳಿತು. ಹೆಂಡತಿಯ ತೌರಿನಿಂದ ಬಂದ ತಳಿ, ಈ ಊರಲ್ಲಿ ಯಾರಿಗೂ ಒಂದು ಕಾಳೂ ಕೊಟ್ಟಿಲ್ಲ ಎಂದ.

"ಅಣ್ಣ ಸತ್ತ ಮೇಲೆ ಆ ಹೊಲಕ್ಕೆ ಹೋಗಿದ್ರಾ?"

"ಹೆಣ ಇಳಿಸಿದ ಮೇಲೆ ಒಂದ್ಸಲಾನೂ ಇಲ್ಲ. ಯಾರು ಹೋಗ್ತಾರೆ ಸಾಹೇಬ್ರೆ ಆ ಜಾಗಕ್ಕೆ?"

"ಅದಕ್ಕೂ ಹಿಂದೆ? ಈ ವರ್ಷ ಬಿತ್ತನೆಗೆ ಏನಾದ್ರೂ ಅಣ್ಣಂಗೆ ಕೈಜೋಡಿಸಿದ್ರಾ?"

"ಇಲ್ಲ. ಅವನ ಹೊಲ ಅವನದು, ನನ್ನದು ನನ್ನದು."

ಜಾಂಗ್ ಸೋ ಲೋಟ ಕೆಳಗಿಟ್ಟ. ಹಿರಿಯರು ಬಂದಿದ್ದರು. ತೀರ್ಪು ಆಮೇಲೆ ಹೇಳಿ, ಎಲ್ಲರೂ ಒಂದು ಸಲ ನನ್ನ ಜೊತೆ ಮೇಲೆ ಬನ್ನಿ ಎಂದ. ಬರಲು ಯಾರಿಗೂ ಮನಸ್ಸಿರಲಿಲ್ಲ. ಪೊಲೀಸಿನವನು ಮುಂದೆ ಹೋದದ್ದರಿಂದ ಹಿಂದೆ ಹೋದರು, ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು.

ಕೊನೆಯ ಗುಂಡಿಯ ಸುತ್ತ ಜನ ನಿಂತರು. ಜಾಂಗ್ ಸೋ ಚುಂಗ್‌ನ ಕೈಗೆ ಗುದ್ದಲಿ ಕೊಟ್ಟು, ಮಣ್ಣು ತೆಗಿ, ಮೆಲ್ಲಗೆ ಎಂದ. ಚುಂಗ್ ತೆಗೆಯುತ್ತಿದ್ದ ಹಾಗೆಯೇ ಅವನು ಮಾತಾಡಿದ.

"ಇದು ನಿಮಗೆಲ್ಲ ಗೊತ್ತಿರೋದೇ. ಗೊತ್ತಿದ್ದೂ ಯಾರೂ ನೋಡ್ಲಿಲ್ಲ, ಯಾಕಂದ್ರೆ ನೀವೆಲ್ಲ ಚಿಯಾನ್ನ ನೋಡ್ತಿದ್ರಿ. ಮಳೆನೀರು ಈ ಕಲ್ಲನ್ನ ತಿನ್ನುತ್ತೆ. ಬರಿಮೈ ಬಂಡೆ ಮೇಲೆ ಬಿದ್ದು ಹರಿದ್ರೆ ಗೀರು ಗೀರಾಗಿ ಕೊರೆದು ಅಂಚು ಚೂಪು ಮಾಡುತ್ತೆ. ಅದೇ ನೀರು ಮಣ್ಣಿನೊಳಗೆ ಇಳಿದ್ರೆ? ಒದ್ದೆ ಮಣ್ಣು ಕಲ್ಲನ್ನ ಎಲ್ಲಾ ಕಡೆಯಿಂದ ಸಮ ತಿನ್ನುತ್ತೆ. ಕಲ್ಲು ಮಗೂ ಕೆನ್ನೆ ಹಾಗಾಗುತ್ತೆ. ಲೆಂಗ್ ತಲೆ ಚೂಪು ಕಲ್ಲಿಗೆ ಬಡಿದಿದ್ರೆ ಸೀಳಬೇಕಿತ್ತು. ಸೀಳಿಲ್ಲ, ತಗ್ಗಾಗಿದೆ. ಹಾಗಾದ್ರೆ ನುಣ್ಣನೆ ಕಲ್ಲಿಗೆ ಬಡಿದಿದೆ. ಈ ಬೆಟ್ಟದಲ್ಲಿ ನುಣ್ಣನೆ ಕಲ್ಲು ಮಣ್ಣಿನ ಕೆಳಗಲ್ಲದೆ ಎಲ್ಲಿ ಸಿಗುತ್ತೆ?"

ಗುದ್ದಲಿ ಕಲ್ಲಿಗೆ ತಾಗಿ ಟಣ್ಣೆಂದಿತು.

"ಅಂದ್ರೆ ಆ ಸಂಜೆ ಯಾವುದೋ ಗುಂಡಿ ಖಾಲಿಯಾಗಿತ್ತು. ಬಿತ್ತೋ ಕಾಲದಲ್ಲಿ ಗುಂಡಿ ತುಂಬೋರು ಇರ್ತಾರೆ, ಖಾಲಿ ಮಾಡೋರು ಯಾರು? ಮಣ್ಣು ಕದಿಯೋರು. ಈ ಬಿಳಿ ಪಟ್ಟಿ ನೋಡಿ. ಮೊನ್ನೆ ಮೊನ್ನೆವರೆಗೂ ಮಣ್ಣು ಇಲ್ಲೀವರೆಗೆ ಇತ್ತು. ಈಗ ಒಂದು ಗೇಣು ಕಮ್ಮಿ. ಗುಂಡೀನ ಅವಸರದಲ್ಲಿ ಮತ್ತೆ ಮುಚ್ಚಿದಾರೆ. ಆದ್ರೆ ಮೊದ್ಲೇ ಹೊತ್ತೊಯ್ದಿದ್ದ ಬುಟ್ಟಿಗಳನ್ನ ವಾಪಸ್ ತರೋಕೆ ಮನಸ್ಸು ಬರ್ಲಿಲ್ಲ."

ಚುಂಗ್ ಗುದ್ದಲಿ ಬಿಟ್ಟು ಮಂಡಿಯೂರಿ ಕೈಯಿಂದ ಮಣ್ಣು ಸರಿಸಿದ. ಗುಂಡಿಯ ತಳದಲ್ಲಿ ಗುಂಡನೆಯ ಬಿಳಿ ಬಂಡೆಯ ಬೆನ್ನು ಕಂಡಿತು. ಅದರ ಮೇಲೆ ಕಂದು ಕಲೆ, ಕಲೆಗೆ ಅಂಟಿದ ನಾಲ್ಕು ಬಿಳಿ ಕೂದಲು. ಚುಂಗ್ ಕೈ ಹಿಂದಕ್ಕೆಳೆದುಕೊಂಡ. ಹೆಂಗಸರು ಬಾಯಿಗೆ ಕೈ ಒತ್ತಿದರು. ಚಿಯಾ ಮಗಳ ಮುಖವನ್ನು ತನ್ನ ಲಂಗಕ್ಕೆ ಒತ್ತಿ ಹಿಡಿದಳು.

"ಕಳ್ಳ ಯಾರು ಅಂತ ನನಗೆ ಗೊತ್ತಾಗ್ತಿರ್ಲಿಲ್ಲ," ಎಂದ ಜಾಂಗ್ ಸೋ, "ಅವನು ರೈತನಲ್ಲದೆ ಇದ್ದಿದ್ರೆ. ಕೈಯಲ್ಲಿ ಹೆಣ, ಎದೆಯಲ್ಲಿ ಭಯ, ಆದ್ರೂ ಗುಂಡಿ ಮುಚ್ಚಿದ ಮೇಲೆ ಅವನ ಕೈ ಸುಮ್ನಿರ್ಲಿಲ್ಲ. ಮಣ್ಣು ತುಂಬಿದ ಗುಂಡೀನ ಬೀಜ ಹಾಕದೆ ಬಿಡಬಾರದು ಅಂತ ನಮ್ಮಪ್ಪಂದಿರು ಹೊಡೆದು ಕಲಿಸಿದ್ದು. ಮೂರು ಕಾಳು ಒತ್ತಿ ಹೋಗಿದಾನೆ. ಹದಿಮೂರು ದಿನದ ಮೊಳಕೆ."

ಜೇಬಿನಿಂದ ಮೊಳಕೆ ತೆಗೆದು ಅಂಗೈ ಮೇಲಿಟ್ಟ. ಬೇರಿಗೆ ಇನ್ನೂ ಕಾಳು ಅಂಟಿಕೊಂಡಿತ್ತು. ನೇರಳೆ ಬಣ್ಣದ ಕಾಳು.

ಯಾರೂ ಹೆಸರು ಹೇಳಲಿಲ್ಲ. ಎಲ್ಲರ ಕಣ್ಣು ಒಂದೇ ಕಡೆ ತಿರುಗಿತು. ಜಾಂಗ್ ಸೋ ಮಾತ್ರ ಹೇಳಿದ: "ಪಾವೊ, ಅಣ್ಣನ್ನ ಕೊಂದೋನು ನೀನು."

ಪಾವೊ ಓಡಲಿಲ್ಲ. ಕೂತುಬಿಟ್ಟ.

"ನನ್ನ ಗುಂಡಿಗಳೆಲ್ಲ ಕೊಚ್ಚಿಹೋಗಿದ್ವು," ಎಂದ. "ಬೆನ್ನು ಏಳ್ತಾ ಇರ್ಲಿಲ್ಲ, ಕಣಿವೆಯಿಂದ ಹೊರೋಕಾಗ್ತಿರ್ಲಿಲ್ಲ. ಅವನು ನೋಡ್ಬಿಟ್ಟ. ನನ್ನ ಬೆನ್ನ ಮೇಲಿನ ಬುಟ್ಟಿ ಹಿಡಿದು ಎಳೆದ. ನಾನು ತಳ್ಳಿದೆ. ಬರೀ ತಳ್ಳಿದ್ದು. ಬೀಜ... ಅದು ಕೈ ತಾನೇ ಹಾಕಿದ್ದು."

"ಆ ಹುಡುಗೀನ ಊರು ಬಿಡಿಸೋಕೆ ಹೊರಟಿದ್ದು? ಅದೂ ಕೈ ತಾನೇ ಮಾಡಿದ್ದಾ?"

ಚಿಯಾ ಹೋದರೆ ಹೊಲದ ಮಣ್ಣೆಲ್ಲ, ಕೇಳುವವರಿಲ್ಲದೆ, ಪಾವೊನದೇ ಆಗುತ್ತಿತ್ತು. ಅಷ್ಟು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಟ್ಟಿನ ಚೀಲ ಇಳಿಸಿ ಮೆಲ್ಲಗೆ ಮಾತಾಡಿದ ಆ ಮುಖವನ್ನು ಚಿಯಾ ನೋಡಿದಳು. ಚುಂಗ್‌ನ ಬೈಗುಳಕ್ಕಿಂತ ಆ ಮೆಲುಮಾತು ನೆನೆದು ಅವಳ ಮೈ ಜುಮ್ಮೆಂದಿತು.

ಹಿರಿಯರಲ್ಲೊಬ್ಬ ಗಂಟಲು ಸರಿಮಾಡಿಕೊಂಡು, ಚಿಯಾ ಊರಲ್ಲೇ ಇರಲಿ, ಮಗು ಅವಳ ಹತ್ತಿರವೇ ಇರಲಿ ಎಂದ. ತಪ್ಪಾಯಿತು ಎಂದೇನೂ ಅನ್ನಲಿಲ್ಲ. ಚಿಯಾ ಮಾಯಿಯನ್ನು ತಬ್ಬಿಕೊಂಡು, ಮಗುವಿಗೆ ನೋವಾಗುವಷ್ಟು ಬಿಗಿಯಾಗಿ ತಬ್ಬಿಕೊಂಡು, ಅಲ್ಲೇ ಕೂತು ಅತ್ತಳು.

ಜಾಂಗ್ ಸೋ ಪಾವೊನನ್ನು ಎಬ್ಬಿಸಿ ಕರೆದುಕೊಂಡು ಇಳಿದ. ಜನ ಚದುರತೊಡಗಿದರು. ಆಗ ಹಿಂದಿನಿಂದ ಒಂದು ಹೆಂಗಸಿನ ದನಿ, ಪಿಸುಮಾತಿನಲ್ಲಿ, ಚಿಯಾಳ ಕಿವಿಗೆ ಬಿತ್ತು. ಒಡಹುಟ್ಟಿದವನನ್ನೇ ಕೊಲ್ಲುವ ಬುದ್ಧಿ ಪಾವೊಗೆ ತಾನಾಗಿ ಬಂದೀತೇ? ಅವನ ಮನೆಯಲ್ಲೇ ಏನೋ ಇರಬೇಕು. ಆ ಬೀಜ ಬಂದದ್ದಾದರೂ ಎಲ್ಲಿಂದ? ಅವನ ಹೆಂಡತಿಯ ತೌರಿನಿಂದ.

ಪಾವೊನ ಹೆಂಡತಿ ಲೀ ಗುಂಡಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಅವಳ ಸುತ್ತ ಆಗಲೇ ಜಾಗ ಖಾಲಿಯಾಗಿತ್ತು. ತಾಯಂದಿರು ಮಕ್ಕಳನ್ನು ಎಳೆದುಕೊಂಡು ದೂರದಿಂದ ಸುತ್ತಿ ಇಳಿಯುತ್ತಿದ್ದರು. ಮುದುಕಿ ಯಾರ ಮುಖವನ್ನೂ ನೋಡದೆ ನಡುಗುತ್ತಿದ್ದಳು.

ಚಿಯಾಳಿಗೆ ಇವಳು ಸೌಟಿಗೆ ಹಾಕಿದ ಬೂದಿಯ ನೆನಪಿತ್ತು. ಮೂರು ಸಲ ಉಜ್ಜಿದ್ದು ನೆನಪಿತ್ತು. ಒಂದು ಗಳಿಗೆ, ಅನುಭವಿಸಲಿ ಎಂದೇ ಅವಳ ಮನಸ್ಸು ಹೇಳಿತು. ಹೆದರಿಕೆಯೂ ಇತ್ತು, ಈಗ ಆ ಕಡೆ ಹೆಜ್ಜೆ ಇಟ್ಟರೆ ಊರು ಮತ್ತೆ ತನ್ನ ಕಡೆಯೇ ತಿರುಗಿ ನೋಡುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಕಣ್ಣೊರೆಸಿಕೊಂಡು ಎದ್ದಳು.

"ಮಾಯಿ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಇಲ್ಲಿ ಕಲ್ಲು ಚೂಪು. ಹೋಗಿ ಅಜ್ಜಿ ಕೈ ಹಿಡ್ಕೋ."